ಎಲ್‌ಪಿಜಿಗೂ ಮೀಸಲು ದಾಸ್ತಾನು ಬೇಕು

ಕೊಲ್ಲಿ ದೇಶಗಳ ತೈಲ, ಅನಿಲದ ಹಡಗುಗಳು ಹೊರಬರುವ ಕಿರಿದಾದ ಹಾರ್ಮುಜ್ ಜಲಸಂಧಿಯಲ್ಲಿ ಉದ್ವಿಗ್ನತೆ ಎಂದಾಗಲೆಲ್ಲ ಮಂಗಳೂರು (15 ಲಕ್ಷ ಟನ್), ಪಾದೂರು (25 ಲಕ್ಷ ಟನ್) ಭೂಗತ ಸಂಗ್ರಹಾಗಾರಗಳನ್ನು ತೋರಿಸಿ ಧೈರ್ಯ ಹೇಳಲಾಗುತ್ತದೆ. ಅವು ಕಚ್ಚಾತೈಲಕ್ಕೆ ಮಾತ್ರ. ಸೌದಿಯ ಕಚ್ಚಾತೈಲಕ್ಕೆ ಕೆಂಪು ಸಮುದ್ರದ ಯಾನ್ಬುವರೆಗೆ, ಅಬುಧಾಬಿಯದಕ್ಕೆ ಜಲಸಂಧಿಯ ಹೊರಗಿರುವ ಫುಜೈರಾ ಬಂದರಿನವರೆಗೆ ಪೈಪ್‌ಲೈನ್ ಇದೆ. ಪೂರ್ತಿಯಲ್ಲದಿದ್ದರೂ ಒಂದು ಪಾಲು ಜಲಸಂಧಿ ತಪ್ಪಿಸಿ ಹೊರಬರುತ್ತದೆ. ಕತಾರ್‌ನ ಎಲ್‌ಎನ್‌ಜಿ (ದ್ರವೀಕೃತ ನೈಸರ್ಗಿಕ ಅನಿಲ) ಹಡಗುಗಳಿಗೆ ಆ ದಾರಿಯೂ ಇಲ್ಲ.

ನಮ್ಮ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಹೆಚ್ಚು ಆಮದಿನದು, ಅದರಲ್ಲಿ ಬಹುಪಾಲು ಕೊಲ್ಲಿ ದೇಶಗಳಿಂದಲೇ ಬರುತ್ತಿದೆ. ಒತ್ತಡದಲ್ಲಿಡಬೇಕಾದ ಈ ಅನಿಲವನ್ನು ಕಚ್ಚಾತೈಲದ ಗುಹೆಗೆ ತುಂಬಲಾಗದು. ಮಂಗಳೂರಿನ ಪ್ರತ್ಯೇಕ ಎಲ್‌ಪಿಜಿ ಗುಹೆಯ 80,000 ಟನ್ ಸಾಮರ್ಥ್ಯ ಇಡೀ ದೇಶದ ಸುಮಾರು ಒಂದು ದಿನದ ಬಳಕೆಯಷ್ಟೇ. ಯುದ್ಧಭೀತಿಯ ಕಡಲಲ್ಲಿ ಸಾಗಲು ಹಡಗಿಗೆ ಮಾಡಿಸುವ ಯುದ್ಧವಿಮೆ ದುಬಾರಿಯಾಗಿ ಹಡಗುಗಳು ಲಂಗರು ಹಾಕಿ ನಿಂತರೆ ಮೊದಲ ಪೆಟ್ಟು ಸಿಲಿಂಡರ್‌ಗೇ. ಕೇಂದ್ರ ಸರ್ಕಾರ ಎಲ್‌ಪಿಜಿಗೆ ಕಡ್ಡಾಯ ದಾಸ್ತಾನು ಗೊತ್ತುಪಡಿಸಿ, ಅದು ಎಷ್ಟು ದಿನಕ್ಕೆ ಸಾಕೆಂದು ಪ್ರತಿ ತಿಂಗಳು ಪ್ರಕಟಿಸಲಿ.