ಹುಳುಮನೆಗಳ ಮೆಶ್ ಜಾಲ ಪದೇ ಪದೇ ಕಡಿದುಹೋಗುತ್ತಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ಇಂದ,
ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ

ಮಾನ್ಯರೇ,

ನಮ್ಮ ಅಣ್ಣತಮ್ಮಂದಿರ ಐದು ಹುಳುಮನೆಗಳ ಶಾಖ ಮತ್ತು ತೇವಾಂಶವನ್ನು ಅಳೆದು, ಒಂದು ಪೆಟ್ಟಿಗೆಯಿಂದ ಮತ್ತೊಂದಕ್ಕೆ ದಾಟಿಸುತ್ತಾ ಮೊಬೈಲಿಗೆ ಮುಟ್ಟಿಸುವ ನಿಮ್ಮ ವೈರ್‌ಲೆಸ್ ಮೆಶ್ ಜಾಲವನ್ನು ಕಳೆದ ಮುಂಗಾರಿನಲ್ಲಿ ಹಾಕಿಸಿಕೊಂಡೆವು.

ನಾಲ್ಕನೇ ಜ್ವರದಿಂದ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತದಿಂದ) ಎದ್ದ ಹುಳುವಿಗೆ 24ರಿಂದ 25 ಡಿಗ್ರಿ ಶಾಖ, ಶೇ. 70ರಷ್ಟು ತೇವಾಂಶ ಇರಬೇಕು. ಕಳೆದ ಬೆಳೆಯಲ್ಲಿ ಹುಳು ಎದ್ದ ಎರಡನೇ ರಾತ್ರಿಯೇ ಕೊನೆಯ ಹುಳುಮನೆಯ ಪೆಟ್ಟಿಗೆ ಜಾಲದಿಂದ ಕಳಚಿಕೊಂಡಿತು. ಹೀಟರ್ ನಿಂತುಹೋಗಿದ್ದು ನಮಗೆ ತಿಳಿದದ್ದು ಬೆಳಿಗ್ಗೆ ಸೊಪ್ಪು ಹಾಕಲು ಹೋದಾಗ. ಒಳಗೆ 18 ಡಿಗ್ರಿ ಇತ್ತು, ರಾತ್ರಿ ಕೊಟ್ಟ ಸೊಪ್ಪು ತಟ್ಟೆಯಲ್ಲಿ ಹಾಗೆಯೇ ಉಳಿದಿತ್ತು.

ನಿಮ್ಮ ತಂತ್ರಜ್ಞರು ಎರಡು ಬಾರಿ ಬಂದು ಪ್ರಸಾರದ ಶಕ್ತಿಯನ್ನು ಏರಿಸಿಹೋದರು, ಮೂರನೆಯ ಸಲ ಇನ್ನೊಂದು ಪೆಟ್ಟಿಗೆ ಕೊಂಡುಕೊಳ್ಳಿ ಎಂದರು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದ ನನಗೆ ಇವೆರಡೂ ಪರಿಹಾರವೆಂದು ಅನ್ನಿಸುವುದಿಲ್ಲ. ತಗಡಿನ ಚಾವಣಿಗೆ ಬಡಿದು ಬರುವ ಅಲೆ, ನೇರವಾಗಿ ಬರುವ ಅಲೆಯೊಡನೆ ಸೇರಿ ಕೆಲವು ಜಾಗಗಳಲ್ಲಿ ಒಂದನ್ನೊಂದು ಅಳಿಸಿಬಿಡುತ್ತವೆ. ಶಕ್ತಿ ಏರಿಸಿದರೆ ಎರಡೂ ಒಟ್ಟಿಗೇ ಏರುತ್ತವೆಯೇ ಹೊರತು ಆ ಕುಳಿ, ಅಂದರೆ ಅಲೆಗಳು ಅಳಿಸಿಹೋಗುವ ಜಾಗ, ಹಾಗೆಯೇ ಉಳಿಯುತ್ತದೆ. ನಾನೇ ಪೆಟ್ಟಿಗೆಯನ್ನು ಗೋಡೆಯ ಮೇಲೆ ನಾಲ್ಕು ಬೆರಳಿನಷ್ಟು ಪಕ್ಕಕ್ಕೆ ಸರಿಸಿದಾಗ ಸಂಪರ್ಕ ಮರಳಿ ಬಂದಿತು; ತೇವಕ್ಕಾಗಿ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿದ ಕೂಡಲೇ ಮತ್ತೆ ಹೋಯಿತು. ಇನ್ನು ಹೊಸ ಪೆಟ್ಟಿಗೆ ಸೇರಿಸಿದರೂ ಅದು ಅದೇ ಚಾನೆಲ್ಲಿನಲ್ಲಿ ಕೇಳಿ, ಅದರಲ್ಲೇ ಮತ್ತೆ ಹೇಳಬೇಕಾಗಿರುವುದರಿಂದ ದಟ್ಟಣೆ ಹೆಚ್ಚುತ್ತದೆ.

ನನಗೆ ಅತ್ಯಂತ ನೋವು ತಂದ ಸಂಗತಿ ಬೇರೆಯೇ ಇದೆ. ನಿಮ್ಮ ತಂತ್ರಜ್ಞರು ನನ್ನೆದುರೇ ಪೆಟ್ಟಿಗೆ ಬಿಚ್ಚಿದಾಗ, ಬೋರ್ಡಿನ ಮೇಲೆ ಎರಡು ಆಂಟೆನಾಗಳಿಗೆ ಜಾಗವಿದ್ದರೂ ಒಂದಕ್ಕೆ ಮಾತ್ರ ತಂತಿ ಕೂಡಿಸಿದ್ದು ಕಂಡಿತು. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, ಅದರ ಅರ್ಧದಷ್ಟು, ಅಂದರೆ 6 ಸೆಂಟಿಮೀಟರಿಗಿಂತ ಹೆಚ್ಚು ಅಂತರದಲ್ಲಿ ಎರಡನೆಯ ಆಂಟೆನಾ ಇದ್ದಿದ್ದರೆ ಎರಡೂ ಏಕಕಾಲಕ್ಕೆ ಕುಳಿಯಲ್ಲಿ ಬೀಳುವ ಸಂಭವ ತೀರಾ ಕಡಿಮೆಯಾಗುತ್ತಿತ್ತು.

ಆದ್ದರಿಂದ ಐದೂ ಪೆಟ್ಟಿಗೆಗಳಿಗೆ ಎರಡೆರಡು ಆಂಟೆನಾಗಳನ್ನು, ಒಂದನ್ನು ನೆಟ್ಟಗೆ, ಇನ್ನೊಂದನ್ನು ಅಡ್ಡವಾಗಿ, ನಿಮ್ಮ ಖರ್ಚಿನಲ್ಲಿಯೇ ಅಳವಡಿಸಿ, ಹುಳುಮನೆಯಲ್ಲಿ ಗೋಣಿತಾಟು ಕಟ್ಟಿರುವಾಗಲೇ ಪರೀಕ್ಷಿಸಿ ತೋರಿಸಬೇಕೆಂದು ಕೋರುತ್ತೇನೆ. ಮುಂದಿನ ಬೆಳೆಯ ಚಾಕಿ ಹುಳು (ಎಳೆಯ ಹುಳು) ತರುವುದಕ್ಕೆ ಇನ್ನು 15 ದಿನಗಳಿವೆ. ಅಷ್ಟರೊಳಗೆ ಕೆಲಸ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡದೆ ನನಗೆ ಬೇರೆ ದಾರಿಯಿಲ್ಲ. ಬಿಲ್ಲಿನ ನಕಲು ಹಾಗೂ ಸಂಪರ್ಕ ತಪ್ಪಿದ ವೇಳೆಗಳ ಪಟ್ಟಿಯನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)