ಗಡ್ಡೆ ನೆಲ್ಲಿಕಾಯಿಯಷ್ಟು ಇರುವಾಗಲೇ ಸೂಜಿ ಸಿಗಲಿ: ದೇಣಿಗೆಗಾಗಿ ಮನವಿ

ಗದಗ-ಬೆಟಗೇರಿಯ ಅಣ್ಣ-ತಮ್ಮಂದಿರಿಗೆ, ಅಕ್ಕ-ತಂಗಿಯರಿಗೆ, ದುಡಿಮೆಗೆಂದು ಬೆಂಗಳೂರು, ಪುಣೆ ಸೇರಿರುವ ನಮ್ಮೂರವರಿಗೆ ಶರಣು.

ಹೋದ ವರ್ಷ ಬೆಟಗೇರಿಯ ನೇಕಾರರ ಓಣಿಯಿಂದ ಒಬ್ಬ ಕಾಕಾ ನಮ್ಮ ಟ್ರಸ್ಟಿನ ಕಚೇರಿಗೆ ಬಂದರು. ಕೈಚೀಲದಲ್ಲಿ ಮಡಚಿಟ್ಟ ಸ್ಕ್ಯಾನಿಂಗ್ ರಿಪೋರ್ಟ್ ಇತ್ತು. ಲಿವರ್‌ನಲ್ಲಿ ಕ್ಯಾನ್ಸರ್ ಗಡ್ಡೆ, 2.8 ಸೆಂಟಿಮೀಟರ್. ಸಿರೋಸಿಸ್ ಆಗಿ, ಅಂದರೆ ಕಲೆಗಟ್ಟಿ ಗಟ್ಟಿಯಾಗಿ, ಲಿವರ್ ಮೊದಲೇ ಸೋತಿತ್ತು. ಕೊಯ್ದು ತೆಗೆದರೆ ಉಳಿದ ಭಾಗ ತಡೆಯುವುದಿಲ್ಲ, ಸೂಜಿ ಹಾಕಿ ಸುಡಬಹುದು ಅಂತ ಡಾಕ್ಟರು ಹೇಳಿದ್ದರು. ಮನೆಯವರ ಕಿವಿಗೆ ಬಿದ್ದದ್ದು "ಆಪರೇಷನ್ ಆಗಂಗಿಲ್ಲ" ಅನ್ನುವುದಷ್ಟೇ. ಅದನ್ನು ತಿಳಿಸಿ ಹೇಳಿದೆವು. ಆದರೆ ಕೊಡಲು ನಮ್ಮ ಹತ್ತಿರ ಆಗ ಹಣ ಇರಲಿಲ್ಲ. ಅವರು ಸಾಲ ಕೂಡಿಸುವ ಹೊತ್ತಿಗೆ ಆರು ತಿಂಗಳಾಯಿತು. ಮತ್ತೆ ಸ್ಕ್ಯಾನ್ ಮಾಡಿಸಿದರೆ ಗಡ್ಡೆ 4.5 ಸೆಂಟಿಮೀಟರ್, ಪಕ್ಕದಲ್ಲಿ ಇನ್ನೂ ಹಲವು. ಸೂಜಿಯ ಕಾಲ ಮುಗಿದಿತ್ತು. ಕಾಕಾ ಈಗಿಲ್ಲ. ಇಂಥ ಗಡ್ಡೆಯನ್ನು ಸೂಜಿ ಹಾಕಿ ಸುಡಿಸುವ ಖರ್ಚಿಗೆಂದು ಈ ನಿಧಿ ಶುರು ಮಾಡಿದ್ದು ಅದಕ್ಕೇ.

ಸುಡುವುದು ಅಂದರೆ ಜನ ಹೆದರುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ. ಮಂಪರು ಬರಿಸಿ, ಅಲ್ಟ್ರಾಸೌಂಡ್ ಅಥವಾ ಸಿಟಿ ಸ್ಕ್ಯಾನ್‌ನಲ್ಲಿ ನೋಡುತ್ತಾ, ಚರ್ಮದ ಮೂಲಕ ಉದ್ದನೆಯ ಸೂಜಿಯನ್ನು ಗಡ್ಡೆಯ ನಡುವಿಗೆ ಇಳಿಸುತ್ತಾರೆ. ರೇಡಿಯೋಫ್ರೀಕ್ವೆನ್ಸಿ ವಿಧಾನದಲ್ಲಿ ಸೂಜಿಯ ತುದಿಯಿಂದ ಕರೆಂಟ್ ಹರಿಯುತ್ತದೆ, ತೊಡೆಗೆ ಅಂಟಿಸಿದ ಪ್ಯಾಡ್‌ಗಳಿಂದ ವಾಪಸು ಹೋಗುತ್ತದೆ. ತುದಿಯ ಸುತ್ತಲಿನ ಮಾಂಸ 60 ಡಿಗ್ರಿ ದಾಟಿದರೆ ಸಾಕು, ಬೆಂದ ಮೊಟ್ಟೆಯ ಬಿಳಿ ಗಟ್ಟಿಯಾಗುವ ಹಾಗೆ ಗಡ್ಡೆಯ ಜೀವಕೋಶಗಳು ಅಲ್ಲೇ ಸಾಯುತ್ತವೆ. ಕಾವು 100 ಡಿಗ್ರಿ ಮೀರಬಾರದು. ಮೀರಿದರೆ ಮಾಂಸ ಕರಕಲಾಗಿ ಕರೆಂಟ್ ಮುಂದೆ ಹೋಗುವುದಿಲ್ಲ. ಮೈಕ್ರೋವೇವ್ ಸೂಜಿ ಇನ್ನೊಂದು ಬಗೆ, ಅದಕ್ಕೆ ಪ್ಯಾಡ್ ಬೇಡ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆಗೆ ಬರಬಹುದು.

ಆದರೆ ಇದು ಸಣ್ಣ ಗಡ್ಡೆಗೇ ಚೆನ್ನಾಗಿ ಹಿಡಿಯುವ ಮದ್ದು. ಬರೀ ಗಡ್ಡೆ ಸುಟ್ಟರೆ ಆಗದು, ಸುತ್ತಲೂ ಅರ್ಧದಿಂದ ಒಂದು ಸೆಂಟಿಮೀಟರ್ ಒಳ್ಳೆಯ ಭಾಗವನ್ನೂ ಸೇರಿಸಿ ಸುಡಬೇಕು. ಹಾಗಾಗಿ 3 ಸೆಂಟಿಮೀಟರ್, ಅಂದರೆ ಒಂದು ಬೆಟ್ಟದ ನೆಲ್ಲಿಕಾಯಿಯಷ್ಟು, ಅದರೊಳಗಿದ್ದರೆ ಫಲ ಜಾಸ್ತಿ. ದೊಡ್ಡ ರಕ್ತನಾಳದ ಪಕ್ಕ ಇದ್ದರೆ ಹರಿಯುವ ರಕ್ತವೇ ಕಾವನ್ನು ಎಳೆದುಕೊಂಡು ಹೋಗುತ್ತದೆ, ಅಂಥಲ್ಲಿ ಕಷ್ಟ. ಸುಟ್ಟ ಮೇಲೂ ಗಡ್ಡೆ ಮತ್ತೆ ಬರಬಹುದು, ಕೆಲವು ತಿಂಗಳಿಗೊಮ್ಮೆ ಸ್ಕ್ಯಾನ್ ತಪ್ಪಿಸುವಂತಿಲ್ಲ. ಇದನ್ನು ಮುಚ್ಚಿಟ್ಟು ನಿಮ್ಮ ಹತ್ತಿರ ಹಣ ಕೇಳುವುದು ನಮಗೆ ಸರಿ ಕಾಣಲಿಲ್ಲ.

ಖರ್ಚಿನಲ್ಲಿ ದೊಡ್ಡ ಪಾಲು ಸೂಜಿಯದೇ. ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸುವುದಿಲ್ಲ. ಆಯುಷ್ಮಾನ್ ಕಾರ್ಡ್ ಇದ್ದವರಿಗೆ ಅದರಲ್ಲಿ ಏನು ಸಿಗುತ್ತದೆ ಅಂತ ಮೊದಲು ನಾವೇ ವಿಚಾರಿಸುತ್ತೇವೆ. ಉಳಿದದ್ದನ್ನು ನಿಧಿಯಿಂದ ನೇರವಾಗಿ ದವಾಖಾನೆಗೆ ಕಟ್ಟುತ್ತೇವೆ, ಯಾರ ಕೈಗೂ ನಗದು ಕೊಡುವುದಿಲ್ಲ. ಹುಬ್ಬಳ್ಳಿಗೆ ಹೋಗಿ ಬರುವ ರೈಲು ಚಾರ್ಜು, ಜೊತೆಗೆ ಹೋದವರ ಊಟ, ಆಮೇಲಿನ ಸ್ಕ್ಯಾನ್‌ಗಳು ಇದರಲ್ಲೇ ಸೇರುತ್ತವೆ. ಚಿಕ್ಕ ಖರ್ಚು ಅನ್ನಿಸಬಹುದು. ದಿನದ ಕೂಲಿ ಬಿಟ್ಟು ಹೋಗುವವರನ್ನು ಕೇಳಿ ನೋಡಿ.

ನಮಗೆ ಬೇಕಿರುವುದು ಮೊದಲೇ ಕೂಡಿಟ್ಟ ಹಣ. ರಿಪೋರ್ಟ್ ಬಂದ ವಾರದಲ್ಲೇ ಡಿಪಾಸಿಟ್ ಕಟ್ಟುವಂತಿರಬೇಕು. ನೂರು ರೂಪಾಯಿ ಆದರೂ ಸರಿ, ತಿಂಗಳು ತಿಂಗಳು ಬಂದರೆ ನಮಗೆ ಧೈರ್ಯ. ಮನೆಯಲ್ಲಿ ಮದುವೆ, ಹಿರಿಯರ ಪುಣ್ಯತಿಥಿ ಇದ್ದಾಗ ಅವರ ಹೆಸರಿನಲ್ಲಿ ಒಂದು ಸೂಜಿ ಕೊಡಿಸಬಹುದು. ಕೊಟ್ಟದ್ದಕ್ಕೆಲ್ಲ ರಸೀದಿ ಕೊಡುತ್ತೇವೆ. ಲೆಕ್ಕದ ಪುಸ್ತಕ ಕಚೇರಿಯ ಮೇಜಿನ ಮೇಲೇ ಇರುತ್ತದೆ, ಯಾವಾಗ ಬೇಕಾದರೂ ಬಂದು ತಿರುವಿ ನೋಡಿ.

ಹಣ ಕೊಡಲು ಆಗದವರು ಇನ್ನೊಂದು ಕೆಲಸ ಮಾಡಿ. ನಿಮ್ಮ ಓಣಿಯಲ್ಲಿ ಸಿರೋಸಿಸ್ ಇದ್ದವರು, ಹೆಪಟೈಟಿಸ್ ಬಿ (ಲಿವರ್‌ಗೆ ತಗಲುವ ವೈರಸ್ ಸೋಂಕು) ಇದ್ದವರು ಇದ್ದರೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳುವ ಬಗ್ಗೆ ಡಾಕ್ಟರನ್ನು ಕೇಳಲು ಹೇಳಿ. ಗಡ್ಡೆ ಇದೆ, ಆಪರೇಷನ್ ಆಗುವುದಿಲ್ಲ ಅಂತ ಯಾರಾದರೂ ರಿಪೋರ್ಟ್ ಹಿಡಿದು ಸುಮ್ನೆ ಕೂತಿದ್ದರೆ, ಅವತ್ತೇ ಅವರನ್ನು ನಮ್ಮ ಹತ್ತಿರ ಕರೆದುಕೊಂಡು ಬನ್ನಿ.