ಮೊದಲು ಚಿಕ್ಕಪ್ಪನನ್ನೇ ಕೇಳಮ್ಮ

ಪ್ರೀತಿಯ ಅಮ್ಮನಿಗೆ,

ಚೆನ್ನಾಗಿದ್ದೀಯಾ? ಅಪ್ಪನಿಗೆ ನನ್ನ ನಮಸ್ಕಾರ ಹೇಳು. ಅಂಗವಿಕಲರ ಸಹಾಯಕ್ಕೆ ಅಂತ ನಾವಿಲ್ಲಿ ಪಳಗಿಸುತ್ತೇವಲ್ಲ, ವೀಲ್‌ಚೇರಿನಲ್ಲಿರುವ ಚಿಕ್ಕಪ್ಪನಿಗೂ ಅಂಥದ್ದೊಂದು ನಾಯಿ ಸಿಕ್ಕರೆ ಹೇಗೆ ಅಂತ ಫೋನಿನಲ್ಲಿ ಕೇಳಿದ್ದೆಯಲ್ಲ, ಅವತ್ತು ಪೂರ್ತಿ ಹೇಳಲು ಆಗಲಿಲ್ಲ. ಈಗ ನಿಧಾನವಾಗಿ ಬರೆಯುತ್ತಿದ್ದೇನೆ.

ನಮ್ಮ ಕೇಂದ್ರದಲ್ಲಿ ಇರುವುದು ಹೆಚ್ಚಾಗಿ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಇಲ್ಲವೇ ಇವೆರಡೂ ಸೇರಿದ ತಳಿ. ಎಂಟು ವಾರದ ಮರಿಯನ್ನು ಮೊದಲು ಯಾವುದಾದರೂ ಮನೆಯವರಿಗೆ ಸಾಕಲು ಕೊಡುತ್ತಾರೆ. ಅವರಿಗೆ ಸಂಬಳ ಇಲ್ಲ. ಬಸ್ಸು, ಲಿಫ್ಟು, ಜನಜಂಗುಳಿ, ದೊಡ್ಡ ಸದ್ದು, ಯಾವುದಕ್ಕೂ ಮರಿ ಬೆದರದ ಹಾಗೆ ಬೆಳೆಸುತ್ತಾರೆ. ಸುಮಾರು ಒಂದೂವರೆ ವರ್ಷ ಆದಾಗ ವಾಪಸ್ ತಂದು ನಮ್ಮ ಕೈಗೆ ಕೊಟ್ಟು ಕಣ್ಣೊರೆಸಿಕೊಂಡು ಹೋಗುತ್ತಾರೆ. ಗುರುತೇ ಇಲ್ಲದವರಿಗೋಸ್ಕರ ಇಷ್ಟು ಮಾಡುತ್ತಾರಲ್ಲ, ನನಗೆ ಅವರ ಮೇಲೆ ತುಂಬಾ ಗೌರವ.

ಆಮೇಲಿನ ಆರರಿಂದ ಒಂಬತ್ತು ತಿಂಗಳು ನಮ್ಮ ಕೆಲಸ. ಬಾಗಿಲು ತೆಗೆಯುವುದನ್ನು ಹೇಗೆ ಕಲಿಸುತ್ತೇವೆ ಗೊತ್ತಾ? ಮೊದಲು ಕೈಯಲ್ಲಿ ಹಗ್ಗ ಹಿಡಿದು ಸುಮ್ನೆ ಎಳೆದಾಡುವ ಆಟ. ನಂತರ ಅದೇ ಹಗ್ಗವನ್ನು ಡ್ರಾಯರಿಗೆ ಕಟ್ಟುತ್ತೇವೆ, ಆಮೇಲೆ ಫ್ರಿಜ್ಜಿಗೆ, ಕೊನೆಗೆ ಬಾಗಿಲಿಗೆ. ನೆಲಕ್ಕೆ ಬಿದ್ದ ಬೀಗದ ಕೈ ಎತ್ತುವುದು ಸುಲಭ. ಬ್ಯಾಂಕಿನ ಕಾರ್ಡು ಎತ್ತುವುದು ಬಹಳ ಕಷ್ಟ, ನೆಲಕ್ಕೇ ಅಂಟಿಕೊಂಡಿರುತ್ತದಲ್ಲ. ಎತ್ತಿದರೆ ಸಾಲದು, ಕೈಗೆ ಕೊಡುವಾಗ ಬಿಡಬಾರದು. ಬೆರಳಿಗೆ ಶಕ್ತಿ ಇಲ್ಲದವರು ಗಟ್ಟಿಯಾಗಿ ಹಿಡಿದುಕೊಂಡು ‘ಬಿಡು’ ಅನ್ನುವವರೆಗೂ ಬಾಯಲ್ಲೇ ಇಟ್ಟುಕೊಂಡಿರಬೇಕು. ಇದಕ್ಕೆಲ್ಲ ತಿಂಡಿ, ಮೆಚ್ಚುಗೆ, ತಾಳ್ಮೆ ಸಾಕು. ಹೊಡೆಯುವ ಮಾತೇ ಇಲ್ಲ. ಹೆದರಿಕೊಂಡ ನಾಯಿ ಕಷ್ಟದ ಹೊತ್ತಿನಲ್ಲಿ ಹತ್ತಿರ ಬರುವುದಿಲ್ಲ.

ಇಷ್ಟಾದರೂ ತರಬೇತಿಗೆ ಬಂದ ಎಲ್ಲವೂ ಪಾಸಾಗುವುದಿಲ್ಲ. ಎಷ್ಟೋ ನಾಯಿಗಳು ಆರೋಗ್ಯದ ಕಾರಣಕ್ಕೋ ಸ್ವಭಾವದ ಕಾರಣಕ್ಕೋ ಅರ್ಧಕ್ಕೇ ನಿಲ್ಲುತ್ತವೆ. ಅವುಗಳಿಗೆ ಒಳ್ಳೆಯ ಮನೆ ಸಿಗುತ್ತದೆ, ಚಿಂತೆ ಬೇಡ.

ಅಮ್ಮ, ನಿಜವಾದ ಕಷ್ಟ ಇರುವುದು ಯಾವ ನಾಯಿ ಯಾರಿಗೆ ಅಂತ ತೀರ್ಮಾನ ಮಾಡುವುದರಲ್ಲಿ. ಬಹಳ ಚುರುಕಾದ ನಾಯಿಯನ್ನು ನಿಧಾನಸ್ಥರಿಗೆ ಕೊಟ್ಟರೆ ಇಬ್ಬರಿಗೂ ಹಿಂಸೆ. ಒಬ್ಬರು ಮೆಲ್ಲಗೆ ಮಾತಾಡುತ್ತಾರೆ, ಆ ದನಿಗೆ ನಾಯಿ ತಿರುಗುತ್ತದಾ? ಇನ್ನೊಬ್ಬರ ಕೈಕಾಲು ಇದ್ದಕ್ಕಿದ್ದಂತೆ ಅದುರುತ್ತವೆ, ನಾಯಿ ಗಾಬರಿಯಾಗದೆ ಇರುತ್ತದಾ? ಇದೆಲ್ಲ ನೋಡಲು ನಾಯಿ ಬೇಕಾದವರೇ ಕೇಂದ್ರಕ್ಕೆ ಬಂದು ಸುಮಾರು ಎರಡು ವಾರ ಉಳಿಯುತ್ತಾರೆ. ಬೇರೆ ಬೇರೆ ನಾಯಿಗಳ ಜೊತೆ ಅಭ್ಯಾಸ ಮಾಡುತ್ತಾರೆ. ಜೋಡಿ ಗೊತ್ತಾದ ಮೇಲೂ ಮೊದಮೊದಲು ನಾಯಿ ತರಬೇತಿ ಕೊಟ್ಟವರ ಕಡೆಗೇ ನೋಡುತ್ತಿರುತ್ತದೆ. ಆಗ ನಾವು ಬೇಕೆಂದೇ ಮುಖ ತಿರುಗಿಸಿಕೊಳ್ಳಬೇಕು. ಕರುಳು ಚುರ್ ಅನ್ನುತ್ತದೆ. ಆದರೆ ಇನ್ನು ಮುಂದೆ ಅದು ನೋಡಬೇಕಾದದ್ದು ಅವರ ಮುಖವನ್ನು, ಅಲ್ವಾ?

ನಮಗೆ ಹೇಳಿಕೊಟ್ಟವರು ಪದೇ ಪದೇ ಮಾರಿಸ್ ಫ್ರಾಂಕ್ ಅವರ ವಿಷಯ ಹೇಳುತ್ತಾರೆ. ಕಣ್ಣು ಕಾಣದ ಅಮೆರಿಕದ ಹುಡುಗ. ಎಲ್ಲಿಗೆ ಹೋಗಬೇಕಾದರೂ ಬೇರೆಯವರ ಕೈ ಹಿಡಿಯಬೇಕಲ್ಲ ಅಂತ ಬೇಸತ್ತಿದ್ದ. ಸ್ವಿಟ್ಜರ್ಲೆಂಡಿನಲ್ಲಿ ನಾಯಿಗಳನ್ನು ಪಳಗಿಸುತ್ತಿದ್ದ ಡೊರೊತಿ ಯೂಸ್ಟಿಸ್ ಅವರ ಲೇಖನವನ್ನು 1927ರಲ್ಲಿ ಅವನ ಅಪ್ಪ ಓದಿ ಹೇಳಿದರು. ಅವನೇ ಆಕೆಗೆ ಕಾಗದ ಬರೆದ, ಅವನೇ ಅಲ್ಲಿಗೆ ಹೋದ. 1928ರಲ್ಲಿ ಬಡ್ಡಿ ಎಂಬ ಜರ್ಮನ್ ಶೆಫರ್ಡ್ ಜೊತೆ ನ್ಯೂಯಾರ್ಕಿನ ಗಿಜಿಗುಡುವ ರಸ್ತೆಯನ್ನು ಪತ್ರಕರ್ತರ ಎದುರೇ ದಾಟಿದ. ಮರುವರ್ಷ ಅವನೂ ಯೂಸ್ಟಿಸ್ ಅವರೂ ಸೇರಿ, ಕಣ್ಣು ಕಾಣದವರಿಗೆ ದಾರಿ ತೋರುವ ನಾಯಿಗಳನ್ನು ಪಳಗಿಸುವ ‘ದಿ ಸೀಯಿಂಗ್ ಐ’ ಶಾಲೆ ಶುರು ಮಾಡಿದರು. ಅದು ಇವತ್ತಿಗೂ ನಡೆಯುತ್ತಿದೆ. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು, ಬೇಕು ಅಂದವನು ಅವನೇ.

ಅದಕ್ಕೇ ಹೇಳುತ್ತಿದ್ದೇನೆ, ಚಿಕ್ಕಪ್ಪನನ್ನು ಮೊದಲು ಕೇಳು. ಅವರ ಎದುರಲ್ಲೇ ನಾವು ನಾವೇ ಮಾತಾಡಿಕೊಳ್ಳುವುದು ಬೇಡ. ವೀಲ್‌ಚೇರಿನಲ್ಲಿ ಕೂತಾಗ ಕೈಗೆ ಎಟುಕದೆ ಹೋಗುವುದು ಯಾವುದು? ಯಾವ ಕೆಲಸಕ್ಕೆ ನಮ್ಮನ್ನು ಕರೆಯಲು ಅವರಿಗೆ ಮುಜುಗರ? ಇಡೀ ದಿನ ಒಂದು ಪ್ರಾಣಿ ಪಕ್ಕದಲ್ಲೇ ಇರುವುದು ಅವರಿಗೆ ಇಷ್ಟವಾ? ಅದಕ್ಕೆ ಊಟ ಹಾಕಿ, ಮೈ ಬಾಚಿ, ಹೊರಗೆ ಕರೆದುಕೊಂಡು ಹೋಗುವವರು ಅವರೇ ಆಗಬೇಕು, ಇಲ್ಲದಿದ್ದರೆ ಅದು ಅವರ ಮಾತು ಕೇಳುವುದಿಲ್ಲ. ಎಂಟು ಹತ್ತು ವರ್ಷಕ್ಕೆ ನಾಯಿಗೆ ವಯಸ್ಸಾಗಿ ಕೆಲಸ ನಿಲ್ಲಿಸುತ್ತದೆ ಅನ್ನುವುದನ್ನೂ ಮುಚ್ಚಿಡದೆ ಹೇಳು.

ಇಲ್ಲಿಂದ ಒಂದನ್ನು ಕಳಿಸಿಬಿಡಲು ಆಗುವುದಿಲ್ಲ ಅಮ್ಮ. ಕೊಟ್ಟ ಮೇಲೂ ವರ್ಷಗಟ್ಟಲೆ ಹೋಗಿ ನೋಡುತ್ತಿರಬೇಕು, ಅಷ್ಟು ದೂರಕ್ಕೆ ಅದು ನಡೆಯದು. ಆದರೆ ಚಿಕ್ಕಪ್ಪನಿಗೆ ಮನಸ್ಸಿದ್ದರೆ ಅಲ್ಲೇ ಪಳಗಿಸುವವರು ಯಾರಿದ್ದಾರೆ ಅಂತ ನಾನು ವಿಚಾರಿಸುತ್ತೇನೆ. ಅವರಿಗೆ ಬೇಡ ಅನ್ನಿಸಿದರೆ ಒತ್ತಾಯ ಮಾಡಬೇಡ. ಏನೇ ಇದ್ದರೂ ಭಾನುವಾರ ಅವರೇ ನನಗೆ ಫೋನ್ ಮಾಡಲಿ.

ನಿನ್ನ ಪ್ರೀತಿಯ ಮಗಳು